ಮಾರ್ನಿಯ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ?

ಗುಡ್ಡದ ಮೇಲಿನ ನಮ್ಮ ಶಾಲೆಯನ್ನು ಮುಚ್ಚುತ್ತಾರಂತೆ ಎಂಬ ಮಾತು ಮೊದಲು ಎದ್ದದ್ದು ಅಂಚೆ ಕಚೇರಿಯಲ್ಲಿ. ಸಂಜೆಯ ಹೊತ್ತಿಗೆ ಅದು ಪ್ರತಿ ಮನೆಯ ಅಡುಗೆಮನೆಗೂ ಬಂದು ಕೂತಿತ್ತು.

ತಾಮ್ರದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಟ್ಟಿದ ಶಾಲೆ ಅದು. ಚಿಕ್ಕದು. ಒಂದೊಂದು ಕೋಣೆಯಲ್ಲಿ ಎರಡೆರಡು ತರಗತಿ. ಅದನ್ನು ಮುಚ್ಚಿದರೆ ಪುಟ್ಟ ಮಕ್ಕಳು ಬಸ್ಸು ಹತ್ತಿ ಕೆಳಗಿನ ಪೇಟೆಯ ಶಾಲೆಗೆ ಹೋಗಬೇಕು. ಬೇಸಿಗೆಯಲ್ಲಾದರೆ ಸರಿ. ಚಳಿಗಾಲದಲ್ಲಿ ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ಎದ್ದಾಗ ಆ ಇಳಿಜಾರಿನಲ್ಲಿ ಎದುರಿನ ಬಸ್ಸಿನ ದೀಪವೂ ಹಿಮದಲ್ಲಿ ಕಾಣುವುದಿಲ್ಲ.

ಕೈಸಾಳಿಗೆ ನಿದ್ದೆ ಹಾರಿಹೋದದ್ದು ಇದಕ್ಕೇ. ಅವಳ ಮಗಳು ಐನೋಗೆ ಆರು ವರ್ಷ. ಇನ್ನೂ ಬೂಟಿನ ದಾರ ಕಟ್ಟಿಕೊಳ್ಳಲು ಬರುವುದಿಲ್ಲ.

ಶಾಲೆ ಇರಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವುದು ಶಾಲಾ ಮಂಡಳಿ. ಆ ಮಂಡಳಿಯಲ್ಲಿ ಒಂದು ಸ್ಥಾನ ಖಾಲಿಯಾಗಿತ್ತು. ನವೆಂಬರಿನಲ್ಲಿ ಚುನಾವಣೆ. ನಿಂತವರು ಇಬ್ಬರು. ಒಬ್ಬ ಪೇಟೆಯ ಟೈರ್ ಅಂಗಡಿಯ ಕೈಲ್ ಪೆನ್‌ಹೇಲ್. ಇನ್ನೊಬ್ಬಳು ಮಾರ್ನಿ.

ಮಾರ್ನಿ ಬೇರೆ ಯಾರೂ ಅಲ್ಲ, ಕೈಸಾಳ ವಾರಗಿತ್ತಿ. ಅಣ್ಣನ ಹೆಂಡತಿ ಮಾರ್ನಿ, ತಮ್ಮನ ಹೆಂಡತಿ ಕೈಸಾ. ಇಷ್ಟು ಹೇಳಿದರೆ ಉಳಿದದ್ದು ನಿಮಗೇ ತಿಳಿಯುತ್ತದೆ.

ಮಾರ್ನಿಯ ಕಾರಿನಲ್ಲಿ ಸೀಟು ತಾನೇ ಬಿಸಿಯಾಗುತ್ತದೆ. ಕೈಸಾಳ ಟ್ರಕ್ಕಿನ ಕಿಟಕಿ ಪೂರ್ತಿ ಮುಚ್ಚುವುದಿಲ್ಲ. ಮಾರ್ನಿ ಬಂದರೆ ಅತ್ತೆ ಲೆಂಪಿ ಕಪಾಟಿನಿಂದ ಹೂವಿನ ಚಿತ್ರದ ಕಪ್ಪು ಕೆಳಗಿಳಿಸುತ್ತಾಳೆ. ಕೈಸಾ ಬಂದರೆ ಸಿಂಕಿನ ಪಕ್ಕದಲ್ಲಿದ್ದ ಕಪ್ಪು. ಎಲ್ಲಕ್ಕಿಂತ ಹೆಚ್ಚಾಗಿ ಆ ಸ್ವೆಟರು. ಮಾರ್ನಿಯ ಇಬ್ಬರು ಮಕ್ಕಳು ಪಕ್ಕದ ಊರಿನ ಚರ್ಚಿನವರ ಖಾಸಗಿ ಶಾಲೆಗೆ ಹೋಗುತ್ತಾರೆ. ಎದೆಯ ಮೇಲೆ ಚಿನ್ನದ ಬಣ್ಣದ ಗುರುತು ಹೊಲಿದ ಕಡುನೀಲಿ ಸ್ವೆಟರು ಹಾಕುತ್ತಾರೆ. ಐನೋ ಒಮ್ಮೆ, "ಅಮ್ಮಾ, ನನಗೂ ಅಂಥದ್ದು" ಎಂದು ಕೇಳಿದ್ದಳು. ಆ ದಿನದಿಂದ ಕೈಸಾಳ ಹೊಟ್ಟೆಯಲ್ಲಿ ಒಂದು ಕೆಂಡ ಕೂತಿತ್ತು.

ಈಗ ಅದೇ ಮಾರ್ನಿ ಸರ್ಕಾರಿ ಶಾಲೆಯ ಮಂಡಳಿಗೆ ನಿಂತಿದ್ದಾಳೆ!

ಆ ಸುದ್ದಿ ಬಂದ ಮರುದಿನ ಕೈಸಾಳ ಗಂಡ ಅರ್ವೋ ಕೆಲಸದಿಂದ ಬಂದಾಗ ಅಂಗಳದಲ್ಲಿ ಪೆನ್‌ಹೇಲ್ ಹೆಸರಿನ ಫಲಕ ನೆಟ್ಟಿತ್ತು.

"ಇದೇನೇ ಇದು?"

"ಫಲಕ."

"ಅದು ಕಾಣ್ತಿದೆ. ಅಣ್ಣ ದಿನಾ ಇದೇ ದಾರೀಲಿ ಹೋಗ್ತಾನೆ ಕಣೇ."

"ಹೋಗ್ಲಿ. ಅವರಿಗೆ ಓದೋಕೆ ಬರುತ್ತಲ್ಲ."

"ಮನೆಯವಳನ್ನ ಬಿಟ್ಟು ಆ ಟೈರ್ ಅಂಗಡಿಯವನಾ?"

"ಟೈರ್ ಅಂಗಡಿಯವನ ಮೂರು ಮಕ್ಕಳೂ ಸರ್ಕಾರಿ ಶಾಲೇಲೇ ಓದ್ತಾ ಇದಾರೆ. ಮಾರ್ನಿ ತನ್ನ ಮಕ್ಕಳಿಗೆ ಬೇಡ ಅಂದ ಶಾಲೆಗೆ ಯಜಮಾನಿ ಆಗ್ಬೇಕಂತೆ. ನಮ್ಮ ಮನೆ ಊಟ ಅವಳು ಬಾಯಿಗೆ ಹಾಕೋಲ್ಲ, ಉಪ್ಪು ಎಷ್ಟು ಹಾಕ್ಬೇಕು ಅಂತ ಹೇಳೋಕೆ ಬರ್ತಾಳೆ."

ಅರ್ವೋ ತಲೆ ಕೆರೆದುಕೊಂಡ. "ಶನಿವಾರ ಸೌನಾದಲ್ಲಿ ಸಿಗ್ತಾಳಲ್ಲ. ಅವಳನ್ನೇ ಕೇಳು."

"ಸೌನಾದಲ್ಲಿ ಕೇಳೋಕಾಗುತ್ತಾ? ಒಳ್ಳೇ ಕಥೆ!"

ಅದೂ ನಿಜವೇ. ಶನಿವಾರ ಸಂಜೆ ಲೆಂಪಿಯ ಹಿತ್ತಲಿನ ಸೌನಾಕ್ಕೆ ಮನೆಮಂದಿಯೆಲ್ಲ ಸೇರುತ್ತಾರೆ. ಪಕ್ಕದ ಮನೆಯವಳು ಅಂತ ನಾನೂ ಹೋಗುತ್ತೇನೆ. ಮೊದಲು ಹೆಂಗಸರು, ಆಮೇಲೆ ಗಂಡಸರು. ಮರದ ಪುಟ್ಟ ಕೋಣೆ. ಒಲೆಯ ಮೇಲಿನ ಕಾದ ಕಲ್ಲುಗಳಿಗೆ ನೀರೆರೆದು ಹಬೆಯಲ್ಲಿ ಕೂರುವುದು. ಒಳಗೆ ಜಗಳ ಆಡಬಾರದು, ಚಾಡಿ ಹೇಳಬಾರದು. ಚರ್ಚಿನಲ್ಲಿ ಕೂತ ಹಾಗೆ ಕೂರಬೇಕು. ಫಿನ್ಲೆಂಡಿನಿಂದ ಬಂದ ಅಜ್ಜಿಯರ ಕಾಲದ ಕಟ್ಟಳೆ ಇದು. ಹಾಗಾಗಿ ಈ ಇಬ್ಬರು ವಾರಗಿತ್ತಿಯರು ಬೇಸಿಗೆಯೆಲ್ಲ ಒಂದೇ ಹಲಗೆಯ ಮೇಲೆ ಕೂತು ಬೆವರಿದ್ದರು, ಶಾಲೆಯ ಬಗ್ಗೆ ಒಂದು ಮಾತು ಆಡಿರಲಿಲ್ಲ. ಒಬ್ಬರ ಬಗ್ಗೆ ಇನ್ನೊಬ್ಬರು ಆಡಬೇಕಾದ್ದನ್ನೆಲ್ಲ ದಿನಸಿ ಅಂಗಡಿಯಲ್ಲಿ ಆಡಿ ಮುಗಿಸುತ್ತಿದ್ದರು.

ಆ ಶನಿವಾರ ಕೈಸಾ ಒಂದು ಸೌಟು ನೀರೆರೆದಳು. ಹಬೆ ಬುಸ್ಸೆಂದು ಎದ್ದಿತು. ಮಾರ್ನಿ ಕದಲಲಿಲ್ಲ. ಕೈಸಾ ಇನ್ನೊಂದು ಸೌಟು ಎರೆದಳು. ಮಾರ್ನಿಯ ಮುಖ ಟೊಮೆಟೊ ಆಯಿತು. ಆದರೂ ಅವಳೇ ಸೌಟು ಕಿತ್ತುಕೊಂಡು ಮತ್ತೊಂದು ಎರೆದಳು. ಮೊದಲು ಎದ್ದು ಹೋಗಲು ಯಾರೂ ತಯಾರಿಲ್ಲ.

"ಏನ್ರೇ, ನನ್ನ ಬೇಯಿಸ್ತೀರಾ?" ಅಂದಳು ಲೆಂಪಿ. "ಏಳಿ, ಹೊರಗೆ ನಡೀರಿ ಇಬ್ರೂ."

ಹೊರಕೋಣೆಯಲ್ಲಿ ಕಾಫಿ, ಏಲಕ್ಕಿ ಬ್ರೆಡ್ಡು ಕಾಯುತ್ತಿದ್ದವು. ಟವಲು ಸುತ್ತಿಕೊಂಡು ಕೂತೆವು. ಲೆಂಪಿ ಬ್ರೆಡ್ಡು ಕತ್ತರಿಸುತ್ತ ಹೇಳಿದಳು: "ಒಳಗೆ ಜಗಳ ಬೇಡ ಅಂದಿದ್ದೆ. ಪ್ರಶ್ನೆ ಕೇಳ್ಬೇಡಿ ಅಂದಿದ್ನಾ? ಕೈಸಾ, ಅವಳ ಹತ್ರ ಕೇಳೋದಿದ್ರೆ ಕೇಳು."

"ಕೇಳ್ತೀನಿ ಅತ್ತೆ. ಇಲ್ಲಲ್ಲ. ಗುರುವಾರ ಚರ್ಚಿನಲ್ಲಿ ಚುನಾವಣೆ ಸಭೆ ಇದೆಯಲ್ಲ, ಅಲ್ಲಿ. ಊರೆಲ್ಲ ಕೇಳಿಸ್ಕೊಳ್ಲಿ."

ಮಾರ್ನಿ ಕಾಫಿ ಕಪ್ಪು ಕೆಳಗಿಟ್ಟಳು. "ಕೇಳಮ್ಮ. ಕಾಯ್ತಿರ್ತೀನಿ" ಎಂದು ಬಟ್ಟೆ ಹಾಕಿಕೊಂಡು ಹೊರಟುಹೋದಳು.

ಅವಳು ಹೋದ ಮೇಲೆ ಕೈಸಾ ಲೆಂಪಿಯ ಕಡೆ ತಿರುಗಿದಳು. "ಮಕ್ಕಳನ್ನ ಸರ್ಕಾರಿ ಶಾಲೆಗೆ ಕಳಿಸದವರು ನಿಲ್ಲಬಾರದು ಅಂತ ಕಾನೂನು ಇಲ್ವಾ ಅತ್ತೆ?"

ಲೆಂಪಿ ಮಂಡಳಿಯ ಸಭೆಗೆ ತಪ್ಪದೆ ಹೋಗುವವಳು. ಆ ಸಭೆಗೆ ಯಾರು ಬೇಕಾದರೂ ಹೋಗಬಹುದು, ಮಾತೂ ಆಡಬಹುದು. ಹೋಗುವವರು ಮಾತ್ರ ಇಲ್ಲ.

"ಇಲ್ಲ ಕಣೇ. ಈ ಸೀಮೆಯಲ್ಲಿ ವಾಸ ಇರ್ಬೇಕು, ಮತದಾರರ ಪಟ್ಟಿಯಲ್ಲಿ ಹೆಸರು ಇರ್ಬೇಕು. ಮಕ್ಕಳು ಎಲ್ಲಿ ಓದ್ತಾರೆ, ಮಕ್ಕಳು ಇದಾರೋ ಇಲ್ವೋ, ಕಾನೂನು ಕೇಳೋಲ್ಲ. ಮಕ್ಕಳೇ ಇಲ್ಲದವರು, ನನ್ನಂಥ ಮುದುಕಿಯರು, ಇವರಿಗೆಲ್ಲ ಶಾಲೆ ಬೇಡ್ವಾ? ತೆರಿಗೆ ಎಲ್ರೂ ಕಟ್ತೀವಿ."

"ಹಾಗಾದ್ರೆ ನಾನು ಕೇಳೋದು ತಪ್ಪು ಅಂತೀರಾ?"

"ತಪ್ಪಲ್ಲ. ಕಾನೂನು ಕೇಳೋಲ್ಲ ಅಂತಲೇ ನೀನು ಕೇಳ್ಬೇಕು. ಆದ್ರೆ ಇಬ್ಬರನ್ನೂ ಕೇಳು. ಒಂದು ಪ್ರಶ್ನೆಗೆ ನಿಲ್ಲಿಸ್ಬೇಡ."

"ಪೆನ್‌ಹೇಲ್‌ನ ಏನು ಕೇಳೋದು? ಅವನ ಮಕ್ಕಳು ಸರ್ಕಾರಿ ಶಾಲೇಲೇ ಇದಾರಲ್ಲ."

"ಯಾವ ಸರ್ಕಾರಿ ಶಾಲೇಲಿ?" ಅಂದಳು ಲೆಂಪಿ, ಮತ್ತೆ ಬ್ರೆಡ್ಡು ಕತ್ತರಿಸತೊಡಗಿದಳು.

ಗುರುವಾರ ಚರ್ಚಿನ ನೆಲಮಾಳಿಗೆ ತುಂಬಿತ್ತು. ಕೈಸಾ ಮೊದಲೇ ಎದ್ದು ನಿಂತಳು. ಕಣ್ಣಲ್ಲಿ ಹೊಳಪು.

"ಮಾರ್ನಿ ಅಕ್ಕಾ, ನಿಮ್ಮ ಮಕ್ಕಳು ನಮ್ಮ ಶಾಲೆಗೆ ಬರೋಲ್ಲ. ನಮ್ಮ ಶಾಲೆಯ ಕುರ್ಚಿ ನಿಮಗ್ಯಾಕೆ?"

ಯಾರೋ ಕೆಮ್ಮಿದರು. ಮಾರ್ನಿ ಎದ್ದಳು.

"ಬರೋಲ್ಲ, ನಿಜ. ದೊಡ್ಡವನಿಗೆ ಮಾತು ತೊದಲ್ತಿತ್ತು. ಉಳಿದ ಮಕ್ಕಳು ನಗ್ತಾರೆ ಅಂತ ಹೆದರಿ ಅಲ್ಲಿ ಹಾಕಿದೆ. ಈಗ ತೊದಲೋಲ್ಲ. ಆದ್ರೂ ಅವನಿಗೆ ಅಲ್ಲೇ ಗೆಳೆಯರು. ನಿಮ್ಮ ಮತಕ್ಕೋಸ್ಕರ ಅವನನ್ನ ಕಿತ್ಕೊಂಡು ಬರೋಲ್ಲ. ಅದು ಸರಿಯಲ್ಲ ಅನ್ಸಿದ್ರೆ ನನಗೆ ಮತ ಹಾಕ್ಬೇಡಿ. ಆದ್ರೆ ನಾನೂ ಇದೇ ಊರವಳು. ಶಾಲೆ ಮುಚ್ಚಿದ ಊರಿಗೆ ಹೊಸ ಸಂಸಾರ ಯಾವುದು ಬರುತ್ತೆ ಹೇಳಿ?"

"ಊರವಳಾದ್ರೆ ಇದನ್ನ ಹೇಳಿ," ಅಂದಳು ಕೈಸಾ. "ಮಧ್ಯಾಹ್ನ ನಮ್ಮ ಮಕ್ಕಳು ಶಾಲೇಲಿ ಏನು ತಿಂತಾರೆ?"

"ಬಿಸಿ ಸೂಪು, ಬ್ರೆಡ್ಡು..."

ಸಭೆ ಗೊಳ್ಳೆಂದು ನಕ್ಕಿತು. ಈ ವರ್ಷ ಶಾಲೆ ಶುರುವಾದಾಗಲೇ ಅಡುಗೆಯವಳನ್ನು ತೆಗೆದುಹಾಕಿದ್ದರು. ಪೇಟೆಯಿಂದ ಪೆಟ್ಟಿಗೆಯಲ್ಲಿ ಬರುವ ತಣ್ಣನೆ ಸ್ಯಾಂಡ್‌ವಿಚ್ ಒಂದೇ ಮಕ್ಕಳ ಊಟ. ಮಾರ್ನಿಯ ಮುಖ ಸೌನಾದಲ್ಲಿ ಕೆಂಪಾದದ್ದಕ್ಕಿಂತ ಕೆಂಪಾಯಿತು. ಕೈಸಾಳಿಗೆ ಎಷ್ಟು ಸಿಹಿಯೆನಿಸಿತೆಂದರೆ, ಅವಳು ಕೂತುಕೊಳ್ಳುವುದನ್ನೇ ಮರೆತಳು.

"ಗೊತ್ತಿರಲಿಲ್ಲ," ಅಂದಳು ಮಾರ್ನಿ. "ಮಗು ಅಲ್ಲಿದ್ದಿದ್ರೆ ಗೊತ್ತಿರ್ತಿತ್ತು. ಕೈಸಾ ಕೇಳಿದ್ದು ಸರಿ. ಸೋಮವಾರ ಬಂದು ಮಕ್ಕಳ ಜೊತೆ ಕೂತು ಅದನ್ನೇ ತಿಂತೀನಿ."

ಆಮೇಲೆ ಪೆನ್‌ಹೇಲ್ ಎದ್ದ. "ನನ್ನ ಮೂರು ಮಕ್ಕಳೂ ಸರ್ಕಾರಿ ಶಾಲೇಲೇ! ಇದಕ್ಕಿಂತ ಇನ್ನೇನು ಹೇಳ್ಲಿ?"

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಕೈಸಾ. ಲೆಂಪಿ ಹಿಂದಿನಿಂದ ಅವಳ ಬೆನ್ನಿಗೆ ಬೆರಳಲ್ಲಿ ತಿವಿದಳು. "ಕೇಳೇ."

ಕೈಸಾ ಮನಸ್ಸಿಲ್ಲದೆ ಕೇಳಿದಳು. "ಗುಡ್ಡದ ಶಾಲೆ ಉಳಿಸ್ತೀರಾ, ಪೆನ್‌ಹೇಲ್ ಅವರೇ?"

"ನೋಡಮ್ಮ, ಅಷ್ಟು ಚಿಕ್ಕ ಶಾಲೆ ನಡೆಸೋದು ದಂಡ. ಪೇಟೆ ಶಾಲೆ ದೊಡ್ಡದು, ಒಳಗೇ ಆಡೋಕೆ ದೊಡ್ಡ ಹಾಲ್ ಇದೆ. ನನ್ನ ಮಕ್ಕಳು ಅಲ್ಲಿ ಚೆನ್ನಾಗಿದಾರೆ. ನಿಮ್ಮ ಮಗಳೂ ಬಸ್ಸಲ್ಲಿ ಬರ್ಲಿ."

"ಹಿಮ ಬಿದ್ದ ಬೆಳಗ್ಗೆ ಆ ಇಳಿಜಾರಲ್ಲಿ ಬಂದಿದೀರಾ?"

"ನನಗೆ ಮೇಲುಗಡೆ ಏನು ಕೆಲಸ?"

"ಶಾಲೆ ಒಳಗೆ?"

"ಇನ್ನೂ... ಬಂದಿಲ್ಲ."

ಕೈಸಾ ಈ ಸಲ ಕೂತಳು. ತಟ್ಟಿದ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಕೈಲ್ ಕೆಟ್ಟವನಲ್ಲ. ತನ್ನ ಮಕ್ಕಳಿದ್ದ ಶಾಲೆ ಅವನಿಗೆ ಕಾಣುತ್ತಿತ್ತು. ತನ್ನ ಮಕ್ಕಳಿಲ್ಲದ ಶಾಲೆ ಕಾಣುತ್ತಿರಲಿಲ್ಲ. ಮಾರ್ನಿಗೂ ಅದೇ ಕುರುಡು. ಆದರೆ ಅವಳು ಒಪ್ಪಿಕೊಂಡಳು, ಬಂದು ನೋಡುತ್ತೇನೆ ಅಂದಳು.

ಬರುತ್ತಾಳೋ ಇಲ್ಲವೋ ಎಂದು ಪರೀಕ್ಷಿಸಲು ಸೋಮವಾರ ಕೈಸಾ ಶಾಲೆಗೆ ಹೋದಳು. ಮಾರ್ನಿ ಆಗಲೇ ಮಕ್ಕಳ ಪುಟಾಣಿ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದಳು.

"ಅಮ್ಮಾ, ದೊಡ್ಡಮ್ಮನೂ ನಮ್ಮ ಹಾಗೇ ಅರ್ಧ ಬಿಟ್ರು!" ಎಂದು ಐನೋ ಕೂಗಿದಳು.

ಊಟವಾದ ಮೇಲೆ ಮಾರ್ನಿ ಟೀಚರನ್ನು ಒಂದೊಂದೇ ಕೇಳಿದಳು. ಬಿಸಿನೀರು ಬರುತ್ತದೆಯೇ, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಯಾರು ಹೇಳಿಕೊಡುತ್ತಾರೆ, ಎಲ್ಲವನ್ನೂ. ಹೊರಗೆ ಬಂದಾಗ ಇಬ್ಬರೇ ಆದರು.

"ನಿನ್ನ ಕಂಡ್ರೆ ನನಗೆ ಹೊಟ್ಟೆ ಉರೀತಿತ್ತು ಕಣೇ," ಅಂದಳು ಮಾರ್ನಿ.

"ನನ್ನ ಕಂಡಾ? ಕಿಟಕಿ ಮುಚ್ಚದ ಟ್ರಕ್ಕು ಕಂಡಾ?"

"ಐನೋ ಶಾಲೆಯಿಂದ ನಡ್ಕೊಂಡು ಮನೆಗೆ ಬರ್ತಾಳೆ. ದಾರೀಲಿ ಎಲ್ರೂ ಹೆಸರು ಹಿಡಿದು ಕರೀತಾರೆ. ನನ್ನ ಮಕ್ಕಳು ಈ ಬೀದೀಲಿ ನಿಂತ್ರೆ, ಯಾರ ಮಕ್ಕಳಪ್ಪ ನೀವು ಅಂತಾರೆ. ಎಲ್ಲಾದ್ರೂ ಊರಿನ ಮಕ್ಕಳೆಲ್ಲ ಒಟ್ಟಿಗೆ ಬೆಳೆಯೋ ಜಾಗ ಅಂತಿದ್ರೆ ಅದು ಇದೊಂದೇ."

ತನ್ನಲ್ಲೂ ಇನ್ನೊಬ್ಬರು ಆಸೆಪಡುವಂಥದ್ದಿದೆ ಎಂದು ತಿಳಿದರೆ ಮನಸ್ಸು ಒಂದು ಕ್ಷಣ ತಣ್ಣಗಾಗುತ್ತದೆ. ಆದರೆ ಮಾರ್ನಿ ಆ ಬಿಸಿ ಸೀಟಿನ ಕಾರು ಹತ್ತಿದ ಕೂಡಲೇ ಕೈಸಾಳ ಹೊಟ್ಟೆ ಮತ್ತೆ ಉರಿಯಿತು.

ಮನೆಗೆ ಬಂದವಳೇ ಅಂಗಳದ ಫಲಕ ಕಿತ್ತಳು. ಅರ್ವೋ ನೋಡಿದ.

"ಹಾಗಾದ್ರೆ ಮಾರ್ನಿಯ ಫಲಕ ತಂದು ನೆಡ್ಲಾ?"

"ಅಷ್ಟೆಲ್ಲ ಬೇಡ! ಮತ ಹಾಕ್ತೀನಿ, ಅಂಗಳ ಕೊಡೋಲ್ಲ."

ಚುನಾವಣೆಯ ದಿನ ಅರ್ವೋ ದೊಡ್ಡ ದೊಡ್ಡ ಹುದ್ದೆಗಳಿಗೆಲ್ಲ ಗುರುತು ಹಾಕಿ ಮತಪತ್ರವನ್ನು ಮತ ಎಣಿಸುವ ಯಂತ್ರಕ್ಕೆ ತೂರಿಸಲು ಹೊರಟಿದ್ದ. "ರೀ, ತಿರುಗಿಸಿ!" ಎಂದು ಕೈಸಾ ಕೂಗಿದ್ದಕ್ಕೆ ಮತಗಟ್ಟೆಯವರೆಲ್ಲ ತಿರುಗಿ ನೋಡಿದರು. ಶಾಲಾ ಮಂಡಳಿಯ ಹೆಸರುಗಳು ಹಾಳೆಯ ಹಿಂಬದಿಯಲ್ಲಿ, ತೀರ ಕೆಳಗೆ ಇರುತ್ತವೆ. ನಮ್ಮೂರಿನ ಅರ್ಧ ಜನ ಅಲ್ಲಿಯ ತನಕ ಹೋಗುವುದೇ ಇಲ್ಲ. ಆ ಸಲ ಹೋದರು. ಮಾರ್ನಿ ಗೆದ್ದಳು, ದೊಡ್ಡ ಅಂತರದಿಂದೇನೂ ಅಲ್ಲ.

ಜನವರಿಯಲ್ಲಿ ಮಂಡಳಿಯಲ್ಲಿ ವಾದ ನಡೆಯಿತು. ಗುಡ್ಡದ ಶಾಲೆಯನ್ನು ಸದ್ಯಕ್ಕೆ ಮುಚ್ಚುವುದಿಲ್ಲ ಎಂದು ತೀರ್ಮಾನವಾಯಿತು. ಬಿಸಿ ಊಟದ ಮಾತು ಇನ್ನೂ ಮುಗಿದಿಲ್ಲ. ಅದಕ್ಕೇ ಕೈಸಾ ಈಗ ಪ್ರತಿ ತಿಂಗಳೂ ಸಭೆಗೆ ಹೋಗುತ್ತಾಳೆ. ಮಾರ್ನಿಯ ಕಣ್ಣೆದುರಿಗೇ, ಮುಂದಿನ ಸಾಲಿನಲ್ಲೇ ಕೂರುತ್ತಾಳೆ.

"ಏನೇ, ನನ್ನ ಮೇಲೆ ಪ್ರೀತಿ ಬಂತಾ?" ಎಂದು ಮಾರ್ನಿ ಕೇಳಿದ್ದಕ್ಕೆ, "ಪ್ರೀತಿ ಎಲ್ಲಿಂದ ಬರ್ಬೇಕು ಅಕ್ಕಾ? ನೀವು ಎಲ್ಲಿ ತಪ್ತೀರಿ ಅಂತ ಕಾಯ್ತಾ ಇದೀನಿ" ಅಂದಳಂತೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಶಾಲಾ ಮಂಡಳಿಗೆ ನಿಂತವರು ನಿಮ್ಮ ಮನೆ ಬಾಗಿಲಿಗೆ ಬಂದಾಗ, "ನಿಮ್ಮ ಮಕ್ಕಳು ಎಲ್ಲಿ ಓದುತ್ತಾರೆ?" ಎಂದು ಧೈರ್ಯವಾಗಿ ಕೇಳಿ. ಅದು ನಿಮ್ಮ ಹಕ್ಕು. ಆ ಉತ್ತರಕ್ಕೇ ಚಪ್ಪಾಳೆ ತಟ್ಟಿ ಒಳಗೆ ಹೋಗಬೇಡಿ. "ನನ್ನ ಮಗು ಓದುವ ಶಾಲೆಯೊಳಗೆ ಯಾವಾಗ ಕಾಲಿಟ್ಟಿರಿ? ಅಲ್ಲಿ ಏನು ನೋಡಿದಿರಿ? ಏನು ಮಾಡುತ್ತೀರಿ?" ಎಂದೂ ಕೇಳಿ. ಮತ ಹಾಕಿ. ಹಾಕಿ ಬಂದ ಮೇಲೆ ಮಂಡಳಿಯ ಸಭೆಗೆ ಹೋಗಿ ಕೂರಿ. ಪ್ರೀತಿಯಿಂದಲೇ ಹೋಗಬೇಕೆಂದೇನಿಲ್ಲ, ಹೊಟ್ಟೆಕಿಚ್ಚಿದ್ದರೆ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮುಂದಿನ ಸಾಲಿನಲ್ಲಿ ಜಾಗ ಖಾಲಿಯೇ ಇದೆ.