ಜನಗಣತಿ ವರದಿಗಳ ಹಿಂದೆ

ನಾನು ಒಂದು ಪುಸ್ತಕ. ಆರುನೂರ ಹನ್ನೆರಡು ಪುಟ, ನೀಲಿ ಬಟ್ಟೆಯ ರಟ್ಟು. ಅಚ್ಚುಮನೆಯಿಂದ ಹೊರಟಾಗ ನನ್ನ ಬೆನ್ನಿನ ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ನನ್ನ ವಿಷಯ ಆಪರೇಷನ್ಸ್ ರಿಸರ್ಚ್. ಇರುವುದು ಕಡಿಮೆ, ಕೇಳುವವರು ಹೆಚ್ಚು ಎನ್ನುವಾಗ ಯಾರಿಗೆ ಎಷ್ಟು, ಯಾವ ದಾರಿಯಲ್ಲಿ ಕಳಿಸಬೇಕು ಎಂದು ಗಣಿತದಿಂದ ಹೇಳುವ ವಿದ್ಯೆ ಅದು.

ಧಾರವಾಡದ ಕಡೆಯ ಒಂದು ಸ್ನಾತಕೋತ್ತರ ಕೇಂದ್ರದ ಗ್ರಂಥಾಲಯಕ್ಕೆ ನನ್ನನ್ನು ತಂದರು. ಮೊದಲ ಪುಟಕ್ಕೇ ಕೆಂಪು ಮುದ್ರೆ ಬಿತ್ತು: ‘ಹೊರಗೆ ಕೊಡತಕ್ಕದ್ದಲ್ಲ’. ಅಂದಿನಿಂದ ಓದುವ ಕೋಣೆಯೇ ನನ್ನ ಊರು. ಎಂ.ಎಸ್ಸಿ. ಮಕ್ಕಳು ಇಪ್ಪತ್ತೆರಡು, ನಾನು ಒಂದೇ.

ಅವರಲ್ಲಿ ದುಂಡೇಶ, ಸಾವಂತ್ರಿ ಒಂದೇ ಬೆಂಚಿನಲ್ಲಿ ನನ್ನನ್ನು ಬಿಡಿಸಿಕೊಂಡು ಕೂರುತ್ತಿದ್ದರು. ಸಾಗಣೆಯ ಲೆಕ್ಕ ಸಾವಂತ್ರಿಯ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ದುಂಡೇಶ ಜೇಬಿನಿಂದ ಹುಣಸೆಬೀಜ ತೆಗೆದು ನನ್ನ ಪುಟದ ಮೇಲೆಯೇ ಹರಡಿದ.

“ಇವು ಮೂರು ಗೋದಾಮು, ಇವು ನಾಕು ಅಂಗಡಿ. ಒಂದೊಂದ ಬೀಜ ಸರಸು. ಎಲ್ಲಿ ಖರ್ಚು ಇಳೀತೈತಿ ನೋಡು.”

“ಬೀಜ ಸರಸಾಕ ಎಂ.ಎಸ್ಸಿ. ಯಾಕ ಬೇಕೋ? ನಮ್ಮವ್ವ ಚೌಕಾಬಾರದಾಗ ಇದನ್ನ ಮಾಡ್ತಾಳ.”

“ಹಂಗಾದ್ರ ಪರೀಕ್ಷೆಗೆ ನಿಮ್ಮವ್ವನ್ನ ಕಳಸು.”

ನಗುತ್ತ ನಗುತ್ತಲೇ ಆಕೆಗೆ ತಿಳಿದುಹೋಯಿತು. ಒಂದು ಬೀಜ ನನ್ನ ಹೊಲಿಗೆಯ ಸಂದಿಯಲ್ಲಿ ಉಳಿಯಿತು.

ದುಂಡೇಶನಿಗೆ ರೀತಿ ಗೊತ್ತು, ಕೂಡಿ ಕಳೆಯುವಲ್ಲಿ ತಪ್ಪುತ್ತಿದ್ದ. ಈ ವಿಷಯದ ಪೇಪರಿನಲ್ಲಿ ಹಿಂದೆ ಎರಡು ಸಲ ನಪಾಸಾಗಿದ್ದ. ಇದು ಕೊನೆಯ ಅವಕಾಶ. ತಪ್ಪಿದರೆ ಪದವಿಯೇ ಇಲ್ಲ. ನನ್ನ ಒಂಬತ್ತನೇ ಅಧ್ಯಾಯದ ಲೆಕ್ಕ ಬಿಡಿಸಿ ಬಿಡಿಸಿ ಕೈ ಪಳಗಿಸುವುದೊಂದೇ ಅವನ ದಾರಿ.

ಪರೀಕ್ಷೆ ಹತ್ತಿರ ಬಂದಾಗ ಅಲ್ಲಿ ಒಂದು ರೂಢಿ ಇತ್ತು. ಬೇಕಾದ ಪುಸ್ತಕವನ್ನು ಬೇರೆ ವಿಷಯದ ಕಪಾಟಿನಲ್ಲಿ ಅಡಗಿಸುವುದು, ತಾನೊಬ್ಬನೇ ತೆಗೆದು ಓದುವುದು. ಆ ಸಲ ನನ್ನನ್ನು ಅಡಗಿಸಿದ್ದು ಸಾವಂತ್ರಿ. ನಪಾಸಾಗುವ ಹೆದರಿಕೆ ಆಕೆಗೂ ಇತ್ತು. ಯಾರೂ ಮುಟ್ಟದ ಜನಗಣತಿ ವರದಿಗಳ ಹಿಂದೆ, ಗಾಜಿನ ಬಾಗಿಲ ಕಬ್ಬಿಣದ ಕಪಾಟಿನೊಳಗೆ, ನನ್ನನ್ನು ಅಡ್ಡ ಮಲಗಿಸಿದಳು.

ಮರುದಿನ ದುಂಡೇಶ ಕಪಾಟಿನ ಎದುರಿಗೇ ನಿಂತು ಕೇಳಿದ. “ಸಾವಂತ್ರಿ, ನೀಲಿ ಪುಸ್ತಕ ನೋಡಿಯೇನ?”

“ಇಲ್ಲೋ ದುಂಡ್ಯಾ. ನಾನೂ ಅದನ್ನ ಹುಡಕಾಕತ್ತೀನಿ.”

ಕೂಗಲು ನನಗೆ ಬಾಯಿಲ್ಲ.

ಆ ಸಂಜೆಯೇ ಅಟೆಂಡರ್ ದ್ಯಾಮವ್ವ ಧೂಳು ಒರೆಸುತ್ತ ಬಂದವಳು, ಈ ಕಪಾಟು ಯಾರಿಗೂ ಬೇಡ ಎಂದು ಕೀಲಿ ಹಾಕಿಬಿಟ್ಟಳು. ಬೆಳಿಗ್ಗೆ ಸಾವಂತ್ರಿ ಬಂದು ಗಾಜಿನ ಮುಂದೆ ನಿಂತಳು. ಕೀಲಿ ಕೇಳಿದರೆ ಯಾಕೆ ಎಂದೂ ಹೇಳಬೇಕಲ್ಲ? ಕೇಳಲಿಲ್ಲ. ಹೋದಳು.

ಆಕೆ ಪಾಸಾದಳು. ದುಂಡೇಶ ಆಗಲಿಲ್ಲ. ಅವನು ಊರಿಗೆ ಹೋಗಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಾನೆಂದು ದ್ಯಾಮವ್ವ ಯಾರಿಗೋ ಹೇಳಿದ್ದು ಕೇಳಿಸಿತು. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ‘ಕಳೆದಿದೆ’ ಎಂದು ಬರೆದರು. ನಾನಿದ್ದದ್ದು ಆ ರಿಜಿಸ್ಟರಿನಿಂದ ಹತ್ತು ಹೆಜ್ಜೆ ದೂರದಲ್ಲಿ. ಹದಿನಾಲ್ಕು ವರ್ಷ ವರದಿಗಳ ಸಂದಿಯಿಂದ ಅದೇ ಬೆಂಚು ನೋಡಿದೆ. ಹುಳು ನನ್ನ ಮೂರನೇ ಅಧ್ಯಾಯ ತಿಂದಿತು.

ಒಂದು ಮಧ್ಯಾಹ್ನ, ಅಲ್ಲಿಯೇ ಪಾಠ ಹೇಳುವ ಮೇಡಂ ಆಗಿ ಆಗತಾನೆ ಸೇರಿದ್ದ ಸಾವಂತ್ರಿ ಬಂದಳು.

“ದ್ಯಾಮವ್ವಾರ, ಈ ಕಪಾಟಿನ ಕೀಲಿ ಕೊಡ್ರಿ.”

“ಜನಗಣತಿ ನಿಮಗ್ಯಾಕ್ರೀ ಮೇಡಂ?”

“ಹಿಂದ ಒಂದು ಪುಸ್ತಕ ಐತಿ. ನಾನ ಇಟ್ಟಿದ್ದೆ.”

ದ್ಯಾಮವ್ವ ಕೀಲಿ ತಿರುಗಿಸಿ ನನ್ನನ್ನು ಎಳೆದು ಸೆರಗಿನಿಂದ ಒರೆಸಿದಳು. ಬಹಳ ಹೊತ್ತು ಒರೆಸಿದಳು. “ಆ ಹುಡುಗ ನನ್ನ ಮೂರು ಸಲ ಕೇಳಿದ್ದನವಾ. ದೇವರಾಣೆ ಇಲ್ಲೋ ಅಂದಿದ್ದೆ. ನನ್ನ ಬಾಯಿಂದ ಸುಳ್ಳ ಆಣಿ ಮಾಡಿಸಿಬಿಟ್ಟಿ.” ಅಲ್ಲಿಯತನಕ ಮೇಡಂ ಎನ್ನುತ್ತಿದ್ದವಳು ಹಾಗೆ ಏಕವಚನಕ್ಕಿಳಿದಳು.

ಸಾವಂತ್ರಿ ಎರಡೂ ಕೈ ಚಾಚಿ ನನ್ನನ್ನು ತೆಗೆದುಕೊಂಡಳು.

ಕಳೆದದ್ದೆಂದು ಬರೆದ ಪುಸ್ತಕ ಗ್ರಂಥಾಲಯಕ್ಕೆ ಮತ್ತೆ ಬೇಕಾಗಲಿಲ್ಲ. ಈಗ ನಾನು ಆಕೆಯ ಮೇಜಿನ ಡ್ರಾಯರಿನಲ್ಲಿದ್ದೇನೆ. ಸಾಗಣೆಯ ಪಾಠದ ದಿನ ಹೊರಗೆ ತೆಗೆಯುತ್ತಾಳೆ, ಹುಣಸೆಬೀಜ ಇರುವ ಪುಟ ಬಿಡಿಸುತ್ತಾಳೆ. ಅಲ್ಲಿ ಒಂದು ಕಾಗದವೂ ಇದೆ. ‘ದುಂಡೇಶನಿಗೆ’ ಎಂದು ಶುರುವಾಗಿದೆ, ನಾಲ್ಕು ಸಾಲಿಗೆ ನಿಂತಿದೆ. ಐದನೆಯ ಸಾಲು ಬರೆಯಲು ಪೆನ್ನು ಬಿಚ್ಚುತ್ತಾಳೆ, ಮುಚ್ಚುತ್ತಾಳೆ, ನನ್ನನ್ನೂ ಮುಚ್ಚುತ್ತಾಳೆ. ಅವನ ಊರಿಗೆ ಬಸ್ಸಿನಲ್ಲಿ ಎರಡು ತಾಸು.

ಕಾಗದ ನನ್ನೊಳಗೆ, ನಾನು ಡ್ರಾಯರಿನೊಳಗೆ. ಈ ಡ್ರಾಯರಿಗೆ ಕೀಲಿಯೇ ಇಲ್ಲ.