ಬೋಗಿಯೊಳಗೆ ಕದಿರು ಕಟ್ಟಿದ್ದು

ಚಂದಯ್ಯಣ್ಣನ ಫೋನ್ ಬಂದಾಗಿನಿಂದ ನನ್ನ ತಲೆ ಕೆಟ್ಟಿತ್ತು. ಸಿದ್ದಾಪುರದಿಂದ ಹೊರಟಿದ್ದಾರಂತೆ, ನೇಗಿಲು ವಾಪಸ್ ಬೇಕಂತೆ. ಬಾರ್ಕೂರಿನಲ್ಲಿ ಎರಡು ಹಳೆ ರೈಲು ಬೋಗಿಗಳೊಳಗೆ ನಾನು ಶಾಲೆಯಿಂದ ನಿವೃತ್ತಳಾದ ಮೇಲೆ ಊರಿನವರ ಜೊತೆ ಮಾಡಿದ ಮ್ಯೂಸಿಯಮ್ಮಿಗೆ ಮೊದಲು ಸಾಮಾನು ಕೊಟ್ಟವರೇ ಅವರು. ಅವರನ್ನು ನೋಡಿಯೇ ಉಳಿದವರು ತೊಟ್ಟಿಲು, ಅಕ್ಕಿ ಅಳೆಯುವ ಕಳಸಿಗೆ, ಬಲೆ ಎಲ್ಲ ಕೊಟ್ಟದ್ದು. ಅವರೇ ಹೊತ್ತುಕೊಂಡು ಹೋದರೆ ಉಳಿದವರು ಬಿಡುತ್ತಾರೆಯೇ? ತಿಂಗಳೊಳಗೆ ಖಾಲಿ ಬೋಗಿಗೆ ಬೀಗ ಹಾಕಿ ನಾನು ಮನೆಗೆ ಹೋಗಬೇಕಷ್ಟೆ.

ಅದರ ಮೇಲೆ ಸೀತುವಿನ ಅವಾಂತರ. ಬೋಗಿ ಗುಡಿಸುವ ಸೀತು ಬೆಳಿಗ್ಗೆ ನನಗಿಂತ ಮೊದಲೇ ಬಂದು ತೊಟ್ಟಿಲಿಗೆ, ಕಳಸಿಗೆಗೆ, ನೇಗಿಲಿಗೆ, ಕೊನೆಗೆ ರೈಲು ನಿಲ್ಲಿಸುವ ಸರಪಳಿಗೂ ಮಾವಿನೆಲೆ ಸೇರಿಸಿ ಹೊಸ ಭತ್ತದ ಕದಿರು ಕಟ್ಟಿಟ್ಟಿದ್ದಳು. ಹಸಿರೆಲೆ ಒಳಗೆ ತಂದರೆ ಹುಳ ಹಿಡಿಯುತ್ತದೆ, ತರಬಾರದು ಎಂದು ಗೋಡೆಯ ಮೇಲೆ ಬರೆಸಿದವಳು ನಾನೇ.

"ಇದೆಂತ ಸೀತು?"

"ಇವತ್ತ್ ಹೊಸ್ತ್ ಹಬ್ಬ ಅಲ್ದಾ ಟೀಚ್ರೆ, ಹೊಸ ಅಕ್ಕಿ ಉಂಬು ದಿನ? ಮನಿ ಸಾಮಾನಿಗೆಲ್ಲ ಕದ್ರ್ ಕಟ್ಕಲ್ದಾ?"

"ಇದ್ ಮನಿ ಅಲ್ಲ ಮಾರಾಯ್ತಿ, ಮ್ಯೂಸಿಯಂ!"

ಸೀತು ಮುಖ ಊದಿಸಿಕೊಂಡು ಹೊರಗೆ ಹೋದಳು. ನಾನು ಕತ್ತರಿ ಹಿಡಿದು ಒಂದೊಂದೇ ಕದಿರು ಕತ್ತರಿಸಿ ಚೀಲಕ್ಕೆ ಹಾಕುತ್ತ ಬಂದೆ. ಕೊನೆಗೆ ನೇಗಿಲಿನ ಹತ್ತಿರ ಬಗ್ಗುವಾಗ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು. ಚಂದಯ್ಯಣ್ಣ. ಹೊರಗೆ ಪಿಕಪ್ ಗಾಡಿ ನಿಂತಿತ್ತು.

"ಬೇಜಾರ್ ಮಾಡ್ಕಂಬೇಡಿ ಟೀಚ್ರೆ. ಬೆಳಿಗ್ಗೆ ಮನಿ ಒಳ್ಗ್ ಎಲ್ಲದಕ್ಕೂ ಕದ್ರ್ ಕಟ್ಟಿ ಆಯ್ತ್. ನೇಗ್ಲಿನ ಜಾಗ ಮಾತ್ರ ಖಾಲಿ. ಅಪ್ಪಯ್ಯ ಹೂಡ್ತಿದ್ ನೇಗ್ಲ್. ಅದನ್ನ ಬೋಳ್ ಬಿಟ್ಟ್ ನಾನ್ ಹೊಸ್ತ್ ಊಟ ಹ್ಯಾಂಗ್ ಮಾಡೂದ್..."

ಮಾತು ಅಲ್ಲಿಗೇ ನಿಂತಿತು. ಕದಿರು ಕಟ್ಟಿದ ನೇಗಿಲು ಅವರ ಕಣ್ಣಿಗೆ ಬಿದ್ದಿತ್ತು. ಹತ್ತಿರ ಬಂದು ಕದಿರನ್ನು ಮುಟ್ಟಿದರು, ನಾರಿನ ಗಂಟನ್ನೂ ಮುಟ್ಟಿ ನೋಡಿದರು. ಕಣ್ಣು ಒದ್ದೆಯಾಗಿತ್ತು.

"ಇದ್ ಯಾರ್ ಕಟ್ಟಿದ್ದ್?"

"ಸೀತು," ಎಂದೆ. ಅಷ್ಟಾದರೂ ನಿಜ ಹೇಳಿದೆ.

"ಹಂಗಾರೆ ಇಲ್ಲೇ ಇರ್ಲಿ. ನನ್ ಮನಿ ಒಳ್ಗ್ ಇದ್ದಂಗೇ ಆಯ್ತ್."

ಅಬ್ಬ! ನೇಗಿಲು ಉಳಿಯಿತು, ಮ್ಯೂಸಿಯಮ್ಮೂ ಉಳಿಯಿತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವರು ಬೋಳು ತೊಟ್ಟಿಲಿನ ಕಡೆ ತಿರುಗಿದರು.

"ಇದಕ್ಕೆಂತ ಕಟ್ಲಿಲ್ಯಾ?"

ಕತ್ತರಿಯನ್ನು ಸೆರಗಿನ ಮರೆಗೆ ಸರಿಸಿದೆ. "ಇನ್ನ್ ಕಟ್ಕಷ್ಟೆ ಚಂದಯ್ಯಣ್ಣ. ಹ್ವಾಯ್ ಸೀತು, ನಾರ್ ತಕಂಡ್ ಬಾ!"

ಸೀತು ನಾರು ತಂದಳು. ಗೋಡೆಯ ಬರಹವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು, ಚೀಲದಿಂದ ಕದಿರು ತೆಗೆದು ಕೊಟ್ಟಳು. ಚಂದಯ್ಯಣ್ಣ ಪಿಕಪ್‌ನವನಿಗೆ ಕಾಯಲು ಹೇಳಿ ತೊಟ್ಟಿಲಿಗೆ ತಾವೇ ಕಟ್ಟಿದರು. ಸರಪಳಿಗೆ ಮಾತ್ರ ನಾನು ಕಟ್ಟಿದೆ.