ಹೆಬ್ಬೆಟ್ಟಿನ ಮಸಿ

ಚೆಲುವಾಂಬಮ್ಮನವರ ಹೆಬ್ಬೆಟ್ಟು ಕಪ್ಪಾಗಿತ್ತು. ಎಷ್ಟೋ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವರ ಹೆಬ್ಬೆಟ್ಟು ಅದು.

ಅವರು ತಮ್ಮ ಮನೆಯನ್ನು ಕಣ್ಣು ಕಾಣದ ಆರು ಹೆಂಗಸರಿಗಾಗಿ ಟ್ರಸ್ಟ್ ಮಾಡಿ ಬರೆದಿಟ್ಟಿದ್ದರು. ಆ ಹೆಂಗಸರು ಅಲ್ಲೇ ಇದ್ದು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದರು. ಟ್ರಸ್ಟಿಗಳು ಇಬ್ಬರು: ಚೆಲುವಾಂಬಮ್ಮನವರ ಅಣ್ಣನ ಮಗ ವಾಸಪ್ಪ, ಮತ್ತು ಅವರ ಶಾಲೆಯಲ್ಲೇ ಮೇಷ್ಟರಾಗಿದ್ದ ನಾನು. ಟ್ರಸ್ಟ್ ಪತ್ರದಲ್ಲಿ ಏನು ಬದಲಿಸಬೇಕಿದ್ದರೂ ಚೆಲುವಾಂಬಮ್ಮನವರ ಒಪ್ಪಿಗೆ, ನಮ್ಮಿಬ್ಬರ ಸಹಿ ಬೇಕಿತ್ತು.

ಲಕ್ವ ಹೊಡೆದು ಅವರ ಮಾತು ನಿಂತಿತು; ಜನರ ಗುರುತೂ ಹೋಯಿತು. ಮೂರನೆಯ ತಿಂಗಳಲ್ಲಿ ವಾಸಪ್ಪ ಹೊಸ ಕಾಗದ ತಂದ. ಮನೆ ಅವನ ಗೋದಾಮಿಗೆ, ಹೆಂಗಸರು ದೂರದ ಯಾವುದೋ ಆಶ್ರಮಕ್ಕೆ.

"ಅತ್ತೆ ಒಪ್ಪಿದಾಳೆ ಮೇಷ್ಟ್ರೇ. ನೋಡಿ, ಹೆಬ್ಬೆಟ್ಟು ಒತ್ತಿದಾಳೆ."

ಚೆಲುವಾಂಬಮ್ಮನವರ ಕಟಬಾಯಲ್ಲಿ ಗಂಜಿ ಇಳಿಯುತ್ತಿತ್ತು. ವಾಸಪ್ಪ ತನ್ನ ಬೆರಳಿಗೆ ಹತ್ತಿದ ಮಸಿಯನ್ನು ಅವರ ಸೆರಗಿಗೇ ಒರೆಸಿದ. ನಾನು ಅದನ್ನು ನೋಡಿದೆ. ಆದರೂ ಸಹಿ ಹಾಕಿದೆ. ಅವನ ಜೊತೆ ಜಗಳ ಬೇಡವೆನಿಸಿತ್ತು. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ.

ಅವನು ಹೋದ ಮೇಲೆ, ಆರು ಜನರಲ್ಲಿ ಹಿರಿಯಳಾದ ದಾನಮ್ಮ ಒದ್ದೆ ಬಟ್ಟೆ ಹಿಡಿದು ಬಂದಳು. ಚೆಲುವಾಂಬಮ್ಮನವರ ಕೈ ಒರೆಸಲು ಹೋದವಳು ತಡೆದು, ಆ ಹೆಬ್ಬೆಟ್ಟನ್ನು ಮೂಗಿನ ಬಳಿ ತಂದಳು.

"ಮಸಿ ವಾಸನೆ. ಅಮ್ಮನ ಕೈಲಿ ಏನ್ ಮಾಡಿಸ್ಕೊಂಡ್ರಿ ಮೇಷ್ಟ್ರೇ?"

"ಟ್ರಸ್ಟಿನ ವಿಷಯ. ನಿಮಗೆ ತಿಳಿಯೋದಲ್ಲ."

"ಅಮ್ಮಂಗೆ ನನ್ನ ಹೆಸರೇ ತಿಳಿಯಲ್ಲ. ಇದು ಮಾತ್ರ ತಿಳೀತಾ? ನಾವಿರೋ ಮನೆ ಕಾಗದ, ನಮಗೆ ಓದಿ ಹೇಳಿ."

ನನ್ನ ಬಳಿಯಿದ್ದ ಪ್ರತಿಯನ್ನು ಆರೂ ಮಂದಿಯ ಮುಂದೆ ಓದಿದೆ. ಕೊನೆಗೆ ನನ್ನ ಹೆಸರು ಬಂತು. ಅದನ್ನೂ ಓದಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಆ ಹೆಂಗಸರ ಜೊತೆ ನೋಂದಣಿ ಕಚೇರಿಗೆ ಹೋದೆ. ವಾಸಪ್ಪ ಆಗಲೇ ಕಾಗದ ಮುಂದಿಟ್ಟಿದ್ದ. "ಚೆಲುವಾಂಬಮ್ಮನವರು ಏನನ್ನೂ ಗ್ರಹಿಸುವ ಸ್ಥಿತಿಯಲ್ಲಿಲ್ಲ. ಗೊತ್ತಿದ್ದೇ ನಾನು ಸಹಿ ಮಾಡಿದೆ" ಎಂದು ಅಧಿಕಾರಿಗೆ ಬರೆದುಕೊಟ್ಟೆ.

"ಸಹಿ ಹಾಕೋವಾಗ ನಾಲಿಗೆ ಎಲ್ಲಿತ್ತು?" ಎಂದು ವಾಸಪ್ಪ ಕೂಗಿದ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಅಧಿಕಾರಿ ಕಾಗದವನ್ನು ಹಿಂದಕ್ಕೆ ತಳ್ಳಿದರು. ಮನೆ ಉಳಿಯಿತು.

ಹೊರಗೆ ರಸ್ತೆ ದಾಟುವಾಗ ದಾನಮ್ಮನಿಗೆ ಕೈ ನೀಡಿದೆ. "ಇಲ್ಲೇ ಇದೀನಿ, ಹಿಡ್ಕೊಳಮ್ಮ" ಎಂದೆ. ಆಕೆ ಹಿಡಿಯಲಿಲ್ಲ. ಕೋಲಿನಿಂದ ನೆಲ ತಟ್ಟುತ್ತ, ಉಳಿದವರನ್ನು ಹಿಂದೆ ಕರೆದುಕೊಂಡು, ತಾನೇ ರಸ್ತೆ ದಾಟಿದಳು.